ಘಟ್ಟದ ಕೆಳಗಿನ ಎರಡು ತಿಂಗಳು

ನಮ್ಮ ಜಿಲ್ಲೆಗೆ ಕಡಲಿದೆ ಎಂಬುದು ದಾಂಡೇಲಿಯವನಾದ ನನಗೆ ಬಹಳ ವರ್ಷಗಳ ತನಕ ಕಚೇರಿಗೆ ಸಂಬಂಧಪಟ್ಟ ವಿಷಯವಾಗಿತ್ತು. ಯಾವುದೋ ಕಾಗದಕ್ಕೆ ಸಹಿ ಬೇಕಾದರೆ ಕಾರವಾರಕ್ಕೆ ಇಳಿಯಬೇಕು. ಬೆಳಿಗ್ಗೆ ಬಸ್ಸು ಹತ್ತುವುದು, ಜೋಯಿಡಾ ದಾಟಿ ಅಣಶಿ ಘಟ್ಟದ ತಿರುವುಗಳಲ್ಲಿ ಹೊಟ್ಟೆ ಹಿಡಿದುಕೊಂಡು ಕೂರುವುದು, ಸರದಿಯಲ್ಲಿ ನಿಲ್ಲುವುದು, ಕೆಲಸ ಮುಗಿದ ಕೂಡಲೇ ಸಂಜೆಯ ಬಸ್ಸಿಗೆ ಓಡುವುದು. ಕಿಟಕಿಯಿಂದ ಕಡಲು ಕಾಣುತ್ತಿತ್ತು. ಅದು ಅಲ್ಲಿದ್ದರೂ ನಾನು ನೋಡುತ್ತಿದ್ದದ್ದು ಕೈಗಡಿಯಾರವನ್ನು. ನಲವತ್ತಾರು ವರ್ಷವಾಗುವ ತನಕ ನಾನು ಕಡಲ ನೀರಿಗೆ ಕಾಲಿಟ್ಟಿರಲಿಲ್ಲ.

ನಾನು ಡೀಸೆಲ್ ಮೆಕ್ಯಾನಿಕ್. ಅಬ್ಬಾ ಕಾಗದದ ಗಿರಣಿಯಲ್ಲಿ ದುಡಿದವರು. ನನಗೆ ಓದು ಹತ್ತಲಿಲ್ಲ ಎಂದಲ್ಲ, ಓದಿಗಿಂತ ಇಂಜಿನ್ನಿನ ಸದ್ದು ಹೆಚ್ಚು ಹಿಡಿಸಿತು. ಹಳಿಯಾಳದ ರಸ್ತೆಯಲ್ಲಿದ್ದ ಒಂದು ಗ್ಯಾರೇಜಿನಲ್ಲಿ ಉಸ್ತಾದರ ಕೈಕೆಳಗೆ ಕೆಲಸ ಕಲಿತೆ. ಮುಂದೆ ಅದೇ ರಸ್ತೆಯಲ್ಲಿ ನನ್ನದೇ ತಗಡಿನ ಶೆಡ್ಡು ಹಾಕಿದೆ. ಬಿದಿರು, ಕಟ್ಟಿಗೆ, ಕಾಗದದ ರೀಲು ಹೊರುವ ಲಾರಿಗಳು ನನ್ನ ಗಿರಾಕಿಗಳು. ಇಂಜಿನ್ನಿನ ಮೇಲೆ ಒಂದು ಸ್ಪ್ಯಾನರ್ ಇಟ್ಟು, ಅದರ ಇನ್ನೊಂದು ತುದಿಗೆ ಕಿವಿಕೊಟ್ಟು ರೋಗ ಹೇಳುತ್ತೇನೆ ಎಂಬ ಹೆಸರಿತ್ತು ನನಗೆ. ಹೆಸರಿನ ಜೊತೆ ಸ್ವಲ್ಪ ಸೊಕ್ಕೂ ಇತ್ತು.

ನನಗೆ ನಲವತ್ತಾರಾದ ವರ್ಷ ಮಳೆಗಾಲಕ್ಕೆ ಮೊದಲು ಉಸ್ತಾದರು ತೀರಿಕೊಂಡರು. ಆ ಬೇಸಿಗೆಯಲ್ಲೇ ನಮ್ಮ ಒಬ್ಬಳೇ ಮಗಳ ಮದುವೆಯಾಗಿ ಅವಳು ಹುಬ್ಬಳ್ಳಿಗೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಎದುರುಬದುರು ಕೂತು ಉಣ್ಣುತ್ತಿದ್ದೆವು, ಮಾತು ಮಾತ್ರ ಇರಲಿಲ್ಲ. ಅವಳು ಮುಂಡಗೋಡ ತಾಲೂಕಿನ ಮಳಗಿಯವಳು. ತವರಲ್ಲಿ ಗೋವಿನಜೋಳದ ವ್ಯಾಪಾರ, ದೊಡ್ಡ ಮನೆ, ಸದಾ ಜನ. ಅಂಥವಳು ಮಗಳು ಹೋದ ಮೇಲೆ ಬಾಗಿಲಿಗೆ ಬಂದು ನಿಲ್ಲುವುದನ್ನೂ ಬಿಟ್ಟಿದ್ದಳು.

ಘಟ್ಟದ ಕೆಳಗಿನಿಂದ ನಮ್ಮೂರಿಗೆ ಮೀನು ತರುವ ಟೆಂಪೋದ ಡ್ರೈವರ್ ಒಬ್ಬ ನನ್ನ ಹಳೆಯ ಗಿರಾಕಿ. ಜೂನ್ ತಿಂಗಳ ಒಂದು ಬೆಳಿಗ್ಗೆ ಬಂದು ಹೇಳಿದ:

"ಭಾಯ್, ನಮ್ಮ ಕಡೆ ಒಂದು ಬೋಟ್ ಅದೆ. ಇಂಜಿನ್ ಸುಮ್ಸುಮ್ನೆ ಬಿಸಿ ಆಗ್ತದೆ. ಇಬ್ರು ಮಿಸ್ತ್ರಿ ನೋಡಿ ಕೈಬಿಟ್ರು. ನಿಮ್ಮ ಲಾರಿದೇ ಇಂಜಿನ್ ಅದು. ಬರ್ತೀರಾ?"

"ಬೋಟಿಗೂ ಲಾರಿ ಇಂಜಿನ್ನೇ ಹಾಕ್ತಾರ?"

"ಮತ್ತೆಂತ ಹಾಕ್ತಾರೆ?" ಎಂದು ಅವನು ನಕ್ಕ.

ಮಳೆಗಾಲದ ಎರಡು ತಿಂಗಳು ಯಂತ್ರದ ಬೋಟುಗಳು ಕಡಲಿಗೆ ಹೋಗುವಂತಿಲ್ಲ. ರಿಪೇರಿ ಏನಿದ್ದರೂ ಆಗಲೇ ಆಗಬೇಕು. ಶೆಡ್ಡಿನಲ್ಲಿ ಕೆಲಸ ಕಡಿಮೆಯಿತ್ತು, ಮನೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. "ನಾಲ್ಕು ದಿನದಾಗ ಬರ್ತೇನಿ" ಎಂದು ಹೆಂಡತಿಗೆ ಹೇಳಿ, ಹತ್ಯಾರದ ಪೆಟ್ಟಿಗೆಯನ್ನು ಟೆಂಪೋದ ಖಾಲಿ ಕ್ರೇಟುಗಳ ನಡುವೆ ಇಟ್ಟು ಹೊರಟೆ.

ಅಣಶಿಯಲ್ಲಿ ಮಂಜು. ಒಂದು ಕಡೆ ಗುಡ್ಡ ಜರಿದು ಅರ್ಧ ರಸ್ತೆ ಕೆಂಪು ಮಣ್ಣು. ಕದ್ರಾಕ್ಕೆ ಇಳಿದಂತೆ ಗಾಳಿ ಬೇರೆಯಾಯಿತು, ಅಂಗಿ ಮೈಗೆ ಅಂಟಿತು. ಮಧ್ಯಾಹ್ನದ ಹೊತ್ತಿಗೆ ಕಾರವಾರದ ಆಚೆಗಿನ ಆ ಸಣ್ಣ ಬಂದರು ಮುಟ್ಟಿದೆವು. ಹೊಳೆಯೊಂದು ಕಡಲು ಸೇರುವ ಅಳಿವೆ ಅದು. ಅಳಿವೆಯ ಒಳಗೆ ಬೋಟುಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು, ಕೊಟ್ಟಿಗೆಯಲ್ಲಿ ಮಳೆಗೆ ನಿಂತ ದನಗಳ ಹಾಗೆ ಮೈ ಉಜ್ಜಿಕೊಳ್ಳುತ್ತಿದ್ದವು.

ಬೋಟಿನ ಯಜಮಾನ ಯಾರೆಂದು ನಾನು ಸುತ್ತ ನೋಡುತ್ತಿದ್ದರೆ, ಕೊಡೆ ಹಿಡಿದು ಬಂದವರು ಅರವತ್ತು ದಾಟಿದ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಬೋಟನ್ನು ಮಾರದೆ ತಾನೇ ನಡೆಸುತ್ತಿದ್ದರು. ಊರಿನವರೆಲ್ಲ ಅವರನ್ನು ಮರ್ಯಾದೆಯಿಂದ ಬಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹಿಂದೆ ತಾಂಡೇಲ, ಅಂದರೆ ಬೋಟನ್ನು ಕಡಲಿಗೆ ಒಯ್ಯುವ ಮುಖ್ಯಸ್ಥ. ಒಣಕಲು ಮೈಯ, ಮಾತು ಕಡಿಮೆಯ ಮನುಷ್ಯ.

"ಘಟ್ಟದ ಮೇಲಿನ ಮಿಸ್ತ್ರಿ ಅಲ್ವ? ಮೊದ್ಲು ಊಟ ಮಾಡ್ವ. ಇಂಜಿನ್ ಎಲ್ಲಿಗೂ ಓಡಿಹೋಗುದಿಲ್ಲ" ಎಂದರು ಬಾಯಿ.

ಊಟ ಮುಗಿಸಿ ಬೋಟಿನ ಹೊಟ್ಟೆಗೆ ಇಳಿದೆ. ಇಂಜಿನ್ ನೋಡಿದ ಕೂಡಲೇ ಧೈರ್ಯ ಬಂತು. ಹಳೆಯ ಗೆಳೆಯನನ್ನು ಪರವೂರಿನಲ್ಲಿ ಕಂಡ ಹಾಗೆ. ಬಿಸಿಯಾಗುತ್ತದೆ ಎಂದರೆ ನನ್ನ ಲೆಕ್ಕದಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿದೆ, ಅಷ್ಟೇ. ಲಾರಿಯಲ್ಲಿ ನೂರು ಸಲ ಕಂಡ ರೋಗ. ಯಾರನ್ನೂ ಏನೂ ಕೇಳಲಿಲ್ಲ. ಮೂರು ದಿನ ಹೆಡ್ ಇಳಿಸಿ, ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ನಾಲ್ಕನೆಯ ದಿನ ಅಳಿವೆಯೊಳಗೇ ಒಂದು ಸುತ್ತು ಹಾಕಿ ನೋಡುವುದೆಂದಾಯಿತು. ಬೋಟಿನ ಜನ, ಪಕ್ಕದ ಬೋಟಿನವರು, ಬಾಯಿ, ಎಲ್ಲರೂ ಬೋಟು ಕಟ್ಟುವ ಧಕ್ಕೆಯ ಮೇಲೆ ನಿಂತಿದ್ದರು. ಇಂಜಿನ್ ಒಂದೇ ಏಟಿಗೆ ಎದ್ದಿತು. ಸದ್ದು ಚೊಕ್ಕ. ನಾನು ತಾಂಡೇಲರ ಕಡೆ ನೋಡಿ ಮೀಸೆ ಮುಟ್ಟಿಕೊಂಡೆ. ಹತ್ತು ನಿಮಿಷವಾಗಿರಬೇಕು, ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು, ಹಬೆ ಎದ್ದಿತು. ಇಂಜಿನ್ ನಿಲ್ಲಿಸಿ, ಇನ್ನೊಂದು ದೋಣಿಗೆ ಹಗ್ಗ ಕಟ್ಟಿಸಿಕೊಂಡು ಹಿಂದಕ್ಕೆ ಬಂದೆವು. ಆ ಸ್ವಲ್ಪ ದೂರ ನಾನು ತಲೆ ಎತ್ತಲಿಲ್ಲ.

ಧಕ್ಕೆಗೆ ಬಂದವನೇ ಪೆಟ್ಟಿಗೆ ಕಟ್ಟತೊಡಗಿದೆ. ಬಾಯಿ ಬಂದು ಪಕ್ಕದಲ್ಲಿ ನಿಂತರು.

"ಎಲ್ಲಿಗೆ?"

"ಊರಿಗೆ ಹೋಗ್ತೇನ್ರಿ ಬಾಯಿ. ನನ್ನ ಕೈಲೆ ಆಗಲಿಲ್ಲ. ನಿಮ್ಮ ಟೈಮೂ ಹಾಳು ಮಾಡಿದೆ."

"ನಿಮ್ಗೆ ಲಾರಿ ಗೊತ್ತು, ಬೋಟ್ ಗೊತ್ತಿಲ್ಲ. ಅದ್ರಲ್ಲಿ ತಪ್ಪೆಂತ ಅದೆ? ಗೊತ್ತಿದ್ದವ್ರನ್ನ ಕೇಳಿದ್ರೆ ಆಯ್ತಪ್ಪ" ಎಂದು ತಾಂಡೇಲರ ಕಡೆ ಕೈ ತೋರಿಸಿದರು.

ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಸಲೀಸಾಗಿ ನನ್ನ ತಪ್ಪನ್ನು ಯಾರೂ ನನ್ನ ಮುಂದಿಟ್ಟಿರಲಿಲ್ಲ. ಬೈದಿದ್ದರೆ ಹೊರಟುಬಿಡುತ್ತಿದ್ದೆ. ಬೈಯಲಿಲ್ಲವಾದ್ದರಿಂದ ಪೆಟ್ಟಿಗೆ ಬಿಚ್ಚಿದೆ.

ತಾಂಡೇಲರು ನನ್ನನ್ನು ಮತ್ತೆ ಕೆಳಗೆ ಕರೆದೊಯ್ದು ಒಂದು ಕೊಳವೆಯ ಮೇಲೆ ಬೆರಳಿಟ್ಟರು. "ಇಲ್ಲಿಂದ ಕಡಲ ನೀರು ಒಳಗೆ ಬರ್ತದೆ." ಬೆರಳು ಕೊಳವೆಯ ಜೊತೆಗೇ ಸಾಗಿತು. "ಈ ಪಂಪು ಎಳೀತದೆ. ಈ ಕೂಲರ್ ಒಳಗೆ ಹೋಗ್ತದೆ. ಇಂಜಿನ್ನಿನ ಬಿಸಿ ತಕ್ಕಂಡು ಅಲ್ಲಿಂದ ಹೊರಗೆ ಬೀಳ್ತದೆ. ಬೀಳೂ ನೀರು ಈ ವರ್ಷ ಸಣ್ಣ ಆಗ್ಯದೆ. ನಾ ಮೊದ್ಲೇ ಹೇಳ್ವ ಅಂದೆ. ನೀವು ಕೇಳ್ಲಿಲ್ಲ."

ಲಾರಿಗೆ ಮುಂದೆ ರೇಡಿಯೇಟರ್ ಇರುತ್ತದೆ, ಗಾಳಿ ಹೊಡೆದು ತಣಿಯುತ್ತದೆ. ಬೋಟಿನಲ್ಲಿ ಆ ಕೆಲಸವನ್ನು ಕಡಲೇ ಮಾಡುತ್ತದೆ. ಇಷ್ಟು ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ಪಂಪು ಬಿಚ್ಚಿದೆ. ಒಳಗೆ ಹೂವಿನ ದಳದಂತಿರುವ ರಬ್ಬರಿನ ಚಕ್ರದಲ್ಲಿ ಮೂರು ದಳ ಮುರಿದು ಮಾಯವಾಗಿದ್ದವು. ಮುರಿದ ತುಂಡುಗಳು ಎಲ್ಲಿಗೆ ಹೋಗಿರುತ್ತವೆ? ಕೂಲರ್ ಬಿಚ್ಚಿದೆ. ಅದರ ಸಣ್ಣ ಸಣ್ಣ ಕೊಳವೆಗಳ ಬಾಯಲ್ಲಿ ರಬ್ಬರಿನ ತುಂಡು, ಮರಳು, ಬೆರಳಿನ ಉಗುರಿನಷ್ಟು ಒಂದು ಚಿಪ್ಪು. ತಂತಿ ಹಾಕಿ ಒಂದೊಂದಾಗಿ ತೆಗೆದೆವು. ಹೊಸ ಚಕ್ರವನ್ನು ಟೆಂಪೋ ಡ್ರೈವರ್ ಪೇಟೆಯಿಂದ ತಂದ. ಮತ್ತೆ ಅಳಿವೆಯಲ್ಲಿ ಒಂದು ತಾಸು ತಿರುಗಿದೆವು. ಮುಳ್ಳು ಅಲುಗಲಿಲ್ಲ. ಬೋಟಿನ ಬದಿಯಿಂದ ನೀರು ದಪ್ಪಗೆ ಧೋ ಎಂದು ಬೀಳುತ್ತಿತ್ತು. ತಾಂಡೇಲರು ಮೊದಲ ಸಲ ಹಲ್ಲು ತೋರಿಸಿ ನಕ್ಕರು.

ಆ ನಗುವಿನಿಂದಾಗಿ ನಾಲ್ಕು ದಿನಕ್ಕೆಂದು ಹೋದವನು ಎರಡು ತಿಂಗಳು ನಿಂತೆ. ಪಕ್ಕದ ಬೋಟಿನವರು ಕರೆದರು, ಆಚೆಯವರು ಕರೆದರು. ಬಾಯಿ ತಮ್ಮ ಮನೆಯ ಹಿಂದಿನ, ಬಲೆ ಇಡುವ ಕೋಣೆಯನ್ನು ಖಾಲಿ ಮಾಡಿಸಿಕೊಟ್ಟರು. ನಮಾಜಿಗೆ ಪಶ್ಚಿಮ ಯಾವ ಕಡೆ ಎಂದು ಕೇಳಿದರೆ ಕಿಟಕಿ ತೆರೆದು ತೋರಿಸಿದರು. ಕಡಲು ಎದುರಿಗೇ ಇತ್ತು.

ಕೆಲಸಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಳಗುಗಳು. ನಮ್ಮೂರಲ್ಲಿ ಬೆಳಗು ಮರಗಳ ಮೇಲಿನಿಂದ ನಿಧಾನ ಇಳಿದು ಬರುತ್ತದೆ, ಬಿಸಿಲು ಅಂಗಳ ಮುಟ್ಟುವ ಹೊತ್ತಿಗೆ ಎಂಟು ಗಂಟೆ. ಇಲ್ಲಿ ಮಳೆ ತುಸು ಬಿಟ್ಟಿತೆಂದರೆ ಬೆಳಕು ಎಲ್ಲ ಕಡೆಯಿಂದ ಒಮ್ಮೆಗೇ ಬಂದುಬಿಡುತ್ತದೆ, ತಡೆಯಲು ಏನೂ ಇಲ್ಲ. ಇಳಿತದ ಹೊತ್ತಿಗೆ ಮರಳು ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ. ಅದರ ಮೇಲೆ ಏಡಿಗಳು ತೋಡಿ ಬಿಟ್ಟ ಮರಳಿನ ಗುಳಿಗೆಗಳು. ಚಹ ಕುಡಿದು ಹೊರಟರೆ ತಲೆಯೊಳಗೆ ಏನೂ ಇಲ್ಲದೆ ಅರ್ಧ ತಾಸು ನಡೆಯಬಹುದಿತ್ತು. ಉಸ್ತಾದರಿಗಾಗಿ ನಾನು ಅತ್ತದ್ದು ದಾಂಡೇಲಿಯಲ್ಲಲ್ಲ, ಅಲ್ಲಿ, ಅಂಥ ಒಂದು ಬೆಳಿಗ್ಗೆ. ಅಲೆಯ ಸದ್ದಿನಲ್ಲಿ ಯಾರಿಗೂ ಕೇಳುವ ಭಯವಿರಲಿಲ್ಲ.

ಉಣ್ಣುವುದೂ ಒಂದು ಸುಖವೇ. ಬೋಟು ನಿಂತರೂ ಸಣ್ಣ ದೋಣಿಯವರು ಅಳಿವೆಯಲ್ಲಿ ಬಲೆ ಬೀಸಿ ತಂದ ಮೀನು ಬರುತ್ತಿತ್ತು. ಕುಚ್ಚಲಕ್ಕಿ ಗಂಜಿ, ಒಣಮೀನು ಸುಟ್ಟದ್ದು, ಕೋಕಂ ಹಾಕಿ ತೆಂಗಿನ ಹಾಲಿನಲ್ಲಿ ಮಾಡಿದ ಸೋಲ್‌ಕಡಿ. ನಮ್ಮ ಕಡೆ ರೊಟ್ಟಿ ಕಡಿದು ಬೆಳೆದ ನಾನು ಅನ್ನ ಉಂಡರೆ ಹೊಟ್ಟೆ ತುಂಬದು ಎನ್ನುವವ. ಹದಿನೈದೇ ದಿನದಲ್ಲಿ ಗಂಜಿಯಿಲ್ಲದೆ ಬೆಳಗಾಗದು ಎನ್ನುವವನಾದೆ.

ಕಡಲು ಶಾಂತವಾಗುವ ಶ್ರಾವಣದ ಹುಣ್ಣಿಮೆಗೆ ಬೋಟಿನವರು ಕಡಲಿಗೆ ಪೂಜೆ ಮಾಡಿ ತೆಂಗಿನಕಾಯಿ ಬಿಡುತ್ತಾರೆ. ಕಾಯಿ ಬಿಟ್ಟ ಮೇಲೆ ಬಾಯಿ ನನ್ನನ್ನು ಕರೆದು, "ಮಿಸ್ತ್ರಿ, ಇಂಜಿನ್ ನೀವೇ ಶುರು ಮಾಡಿ" ಎಂದರು. ಬೋಟಿನವರೆಲ್ಲ ಜಾಗ ಬಿಟ್ಟು ನಿಂತರು. ಅಲ್ಲಾಹನ ಹೆಸರು ಹೇಳಿ ಶುರು ಮಾಡಿದೆ. ಅಳಿವೆಯ ಬಾಯಿ ದಾಟುವಾಗ ಬೋಟು ಮೂಗು ಎತ್ತಿ ಇಳಿಸಿತು. ಬೋಟಿನ ಅಂಚು ಹಿಡಿದು ವಾಂತಿ ಮಾಡಿಕೊಂಡೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಊರಿಗೆ ಮರಳಿ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಹೇಳಿದೆ ಎಂದರೆ, ಹೇಳುತ್ತಲೇ ಇದ್ದೆ. ಕೊನೆಗೊಂದು ದಿನ ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು:

"ಅಷ್ಟ ಛಲೋ ಐತೆಂದ್ರ ನನ್ನ ಯಾಕ ಕರಕೊಂಡ ಹೋಗಲಿಲ್ಲ?"

ಕರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಮದುವೆ, ಸಾವಿನ ಮನೆಯ ಮಯ್ಯತ್ತು, ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಜೊತೆಯಾಗಿ ಹೋದವರಲ್ಲ.

ಮರುವರ್ಷ ಅವಳೂ ಬಂದಳು. ಬಂದ ಮೊದಲ ವಾರ ಅವಳ ಮಾತೆಲ್ಲ ದೂರೇ. "ಹಾಸಿಗ್ಯಾಗ ಉಸುಕು, ಬುತ್ತ್ಯಾಗ ಉಸುಕು, ಕಿವ್ಯಾಗೂ ಉಸುಕು. ಉಪ್ಪಿನ ಡಬ್ಬಿ ನೋಡ್ರಿ, ನೀರಾಗಿ ಹೋಗೇತಿ. ಅರಿಬಿ ಒಣಗೂದ ಇಲ್ಲ. ಈ ಸಮುದ್ರಕ್ಕ ಒಂದ ಘಳಿಗಿ ಸುಮ್ಮನ ಇರಾಕ ಬರೂದಿಲ್ಲೇನ್ರಿ?" ಮನೆಯಲ್ಲಿ ಒಂದು ವರ್ಷ ಆಡದ ಮಾತನ್ನು ಅವಳು ಒಂದು ವಾರದಲ್ಲಿ ಆಡಿದಳು. ದೂರೇ ಆಗಲಿ, ನನಗೆ ಅದನ್ನು ಕೇಳುವುದೇ ಹಿತವಾಗಿತ್ತು.

ಎರಡನೆಯ ವಾರ ಬಾಯಿ ಅವಳನ್ನು ಬಳಚು ಹೆಕ್ಕಲು ಕರೆದೊಯ್ದರು. ಬಳಚು ಎಂದರೆ ಇಳಿತದ ಕೆಸರಿನಲ್ಲಿ ಹುದುಗಿರುವ ಚಿಪ್ಪಿನ ಜೀವ. ಊರಿನ ಹೆಂಗಸರೆಲ್ಲ ಸೊಂಟ ಬಗ್ಗಿಸಿ ಕಾಲಿನಿಂದ ತಡಕಿ ಅದನ್ನು ಬುಟ್ಟಿಗೆ ಹಾಕುತ್ತಾರೆ. ನಮ್ಮಲ್ಲಿ ಅದನ್ನು ತಿನ್ನುವುದಿಲ್ಲ. ಇವಳು ತಿನ್ನುವುದಿಲ್ಲ, ಹೆಕ್ಕುವ ಹುಚ್ಚು ಮಾತ್ರ ಹತ್ತಿತು. ಬುರ್ಖಾದ ಅಂಚನ್ನು ಮೊಣಕಾಲಿಗೆ ಕಟ್ಟಿ, ಎಲ್ಲರಿಗಿಂತ ಮೊದಲು ಇಳಿಯುವವಳು, ಎಲ್ಲರಿಗಿಂತ ಕೊನೆಗೆ ಏರುವವಳು. ಹೆಕ್ಕಿದ್ದನ್ನೆಲ್ಲ ಬಾಯಿಯವರ ಬುಟ್ಟಿಗೆ ಸುರಿದುಬಿಡುತ್ತಿದ್ದಳು. ಒಂದು ದಿನ ನಾನು ಧಕ್ಕೆಯ ಮೇಲಿಂದ ನೋಡುತ್ತಿದ್ದಾಗ ಏರುವ ನೀರು ಅವಳ ಒಂದು ಚಪ್ಪಲಿಯನ್ನು ಎತ್ತಿಕೊಂಡು ಹೋಯಿತು. ಅವಳು ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ, ಕೆಸರಿನಲ್ಲಿ ಕುಸಿದು ಬಿದ್ದು, ಜೋರಾಗಿ ನಕ್ಕಳು. ಸುತ್ತಲಿನ ಹೆಂಗಸರೂ ನಕ್ಕರು. ನಾನು ಸ್ಪ್ಯಾನರ್ ಕೆಳಗಿಟ್ಟೆ. ಆ ನಗು ನನಗೆ ಗೊತ್ತಿದ್ದ ನಗುವೇ, ಮಳಗಿಯಲ್ಲಿ ಮದುವೆಯ ಮಾತಿಗೆ ಹೋದಾಗ ಒಳಕೋಣೆಯಿಂದ ಕೇಳಿಸಿದ್ದ ನಗು. ಕಾರಣ ಏನಿತ್ತೋ ಆಗ. ಅದು ಇನ್ನೂ ಅವಳೊಳಗೆ ಇದೆ ಎಂಬುದನ್ನು ನಾನು ಮರೆತಿದ್ದೆ.

ಆಮೇಲೆ ಅವಳಿಗೆ ನನ್ನ ಅಗತ್ಯ ಬೀಳಲಿಲ್ಲ. ಹೊಲಿಗೆ ಬಲ್ಲವಳೆಂದು ತಿಳಿದು ಹೆಂಗಸರು ರವಿಕೆ ತಂದರು. ಇವಳು ಹೊಲಿದುಕೊಟ್ಟಳು, ಅವರು ಮೀನು ಕೊಟ್ಟರು. ಅವರ ಕೊಂಕಣಿ ಇವಳಿಗೆ ಬಾರದು, ಇವಳ ಉರ್ದು ಅವರಿಗೆ ಬಾರದು. ನಡುವೆ ಎರಡು ಬಗೆಯ ಕನ್ನಡ. ಅದರಲ್ಲೇ ಸಾರಿನ ಹದದಿಂದ ಹಿಡಿದು ಅಳಿಯಂದಿರ ಗುಣದ ತನಕ ಎಲ್ಲ ಮಾತೂ ಮುಗಿಯುತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ ನಾವು ಮತ್ತೊಮ್ಮೆ ಇಳಿದೆವು. ರಿಪೇರಿಗಲ್ಲ, ಬರೀ ಹೋಗಿ ಇರಲು. ಹತ್ಯಾರದ ಪೆಟ್ಟಿಗೆಯಿಲ್ಲದೆ ಆ ಊರಿಗೆ ಹೋದದ್ದು ನನಗೆ ಅದೇ ಮೊದಲು. ಮಳೆಗಾಲದಲ್ಲಿ ಬುಸುಗುಟ್ಟುತ್ತಿದ್ದ ಕಡಲು ಈಗ ಮಗ್ಗುಲಾಗಿ ಮಲಗಿತ್ತು. ತಾಂಡೇಲರು ಸಂಜೆ ಬಂದು, "ಇನ್ನೂ ಈಜು ಬರುದಿಲ್ವ ನಿಮ್ಗೆ? ಬನ್ನಿ" ಎಂದು ನನ್ನನ್ನು ಸೊಂಟದ ತನಕದ ನೀರಿಗೆ ಎಳೆದುಕೊಂಡು ಹೋದರು. ಬೆನ್ನ ಕೆಳಗೆ ಒಂದು ಅಂಗೈ ಕೊಟ್ಟು ಮಲಗಿಸಿದರು. ನಾನು ಕೈಕಾಲು ಬಡಿದೆ, ಉಪ್ಪುನೀರು ಕುಡಿದೆ, ಅವರ ಕತ್ತು ಹಿಡಿದೆ.

"ಹಿಡ್ಕಳ್ಳೂಕೆ ಹೋಗ್ಬೇಡಿ. ಬಿಟ್ಟುಬಿಡಿ. ಉಪ್ಪು ನೀರು, ತಾನೇ ಎತ್ತತದೆ."

ಮೂರನೆಯ ಸಂಜೆ ಬಿಟ್ಟುಬಿಟ್ಟೆ. ಕಿವಿಗಳು ನೀರೊಳಗೆ ಮುಳುಗಿ ಹೊರಗಿನ ಸದ್ದೆಲ್ಲ ನಿಂತಿತು. ಮೇಲೆ ಕೆಂಪು ಆಕಾಶ. ಅಂಗೈ ಯಾವಾಗ ಸರಿದಿತ್ತೋ ತಿಳಿಯಲಿಲ್ಲ. ಬದುಕೆಲ್ಲ ಏನನ್ನಾದರೂ ಬಿಗಿಯುತ್ತಲೇ ಬಂದ ಈ ಕೈಗಳು ಎರಡೂ ಬದಿಗೆ ಸುಮ್ಮನೆ ಬಿದ್ದಿದ್ದವು. ದಡದಲ್ಲಿ ಹೆಂಡತಿ ಎದ್ದು ನಿಂತು ಕೈ ಬೀಸುತ್ತಿದ್ದಳು. ಮುಳುಗಿಹೋದೆನೆಂದು ಹೆದರಿ ಕೂಗುತ್ತಿದ್ದಳಂತೆ, ನನಗೆ ಕೇಳಿಸಲಿಲ್ಲ.

ಹೀಗೆ ಆರು ಮಳೆಗಾಲ ಕಳೆಯಿತು. ಏಳನೆಯ ವರ್ಷ ನಾವು ಹೊರಡಲು ವಾರವಿರುವಾಗ ಶೆಡ್ಡಿನಲ್ಲಿ ಜಾಕ್ ಜಾರಿ ನನ್ನ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿ ಕೂರಿಸಿದರು. ಬಾಯಿಗೆ ಫೋನು ಮಾಡಿ, "ಈ ವರ್ಷ ಬರಾಕ ಆಗೂದಿಲ್ರಿ, ಬ್ಯಾರೆ ಮಿಸ್ತ್ರಿ ನೋಡ್ಕೊಳ್ರಿ" ಎಂದೆ. ಅವರು ಹೂಂ ಎಂದಷ್ಟೇ ಹೇಳಿ ಫೋನಿಟ್ಟರು. ಮನಸ್ಸಿಗೆ ಸ್ವಲ್ಪ ಪಿಚ್ಚೆನಿಸಿತು.

ನಾಲ್ಕನೆಯ ದಿನ ಮಧ್ಯಾಹ್ನ ಮೀನಿನ ಟೆಂಪೋ ನಮ್ಮ ಮನೆಯ ಮುಂದೆ ನಿಂತಿತು. ಮುಂದಿನ ಸೀಟಿನಿಂದ ಬಾಯಿ ಇಳಿದರು. ಹಿಂದಿನಿಂದ ತಾಂಡೇಲರು ಇಳಿದರು. ಅವರ ಕೈಯಲ್ಲಿ ಗೋಣಿಚೀಲ, ಚೀಲದಲ್ಲಿ ಬೋಟಿನ ಡೀಸೆಲ್ ಪಂಪು.

"ನೀವು ಬರೂಕೆ ಆಗುದಿಲ್ಲ ಅಂದ್ರಿ. ಅದ್ಕೆ ನಾವೇ ಬಂದ್ವಿ" ಎಂದರು ಬಾಯಿ. "ಕೈ ತಾಂಡೇಲಂದು, ಬಾಯಿ ನಿಮ್ದು. ನೀವು ಹೇಳಿ, ಅವ್ನು ಮಾಡ್ತ."

ಹಾಗೇ ಆಯಿತು. ನನ್ನ ಶೆಡ್ಡಿನಲ್ಲಿ ನಾನು ಕುರ್ಚಿಯಲ್ಲಿ ಕೂತು ಹೇಳಿದೆ, ಬಲೆ ಹೆಣೆಯುವ ಆ ಬೆರಳುಗಳು ಪಂಪು ಬಿಚ್ಚಿ, ತೊಳೆದು, ಕೂರಿಸಿದವು. ನನಗಿಂತ ನಿಧಾನ, ನನಗಿಂತ ಅಚ್ಚುಕಟ್ಟು. ನಾನು ಒಂದು ಕಡೆ ತಾಳ್ಮೆಗೆಟ್ಟು, "ಅಲ್ಲಲ್ರಿ, ಹಂಗಲ್ಲ" ಎಂದು ಕೂಗಿದರೆ ಅವರು ತಲೆ ಎತ್ತದೆ, "ಕೇಳಿದ್ರೆ ಹೇಳಿ" ಎಂದರು.

ಕೆಲಸ ಎರಡು ದಿನದ್ದು, ಅವರು ಇದ್ದದ್ದು ಐದು ದಿನ. ಮಳಗಿಯಿಂದ ನನ್ನ ಭಾವಮೈದುನ ಜೀಪು ತಂದ. ಬಾಯಿಗೆ ಮುಂಡಗೋಡದ ಟಿಬೆಟನ್ ಕಾಲೊನಿ ನೋಡುವ ಆಸೆ. ಚಳಿಗಾಲದಲ್ಲಿ ಅವರ ಪೇಟೆಗೆ ಸ್ವೆಟರ್ ಮಾರಲು ಬರುವವರ ಊರು ಹೇಗಿದೆಯೆಂದು ಅವರಿಗೆ ಕುತೂಹಲ. ಗೋವಿನಜೋಳದ ಹೊಲಗಳ ನಡುವಿನ ಆ ದೊಡ್ಡ ಮಂದಿರದಲ್ಲಿ ಕೂತು, ಸನ್ಯಾಸಿಗಳು ಒಟ್ಟಿಗೆ ಓದುವುದನ್ನು ಅರ್ಧ ತಾಸು ಕೇಳಿದರು. ಹೊರಗೆ ಬಂದು ಒಬ್ಬ ಟಿಬೆಟನ್ ಮುದುಕಿಯನ್ನು ಮಾತಾಡಿಸಿದರು.

"ನಿಮ್ಮ ಊರಲ್ಲಿ ಕಡಲು ಇದ್ಯಾ?"

"ಇಲ್ಲ, ಬರೀ ಗುಡ್ಡ" ಎಂದಳು ಮುದುಕಿ, ನಮ್ಮೆಲ್ಲರಿಗಿಂತ ಚೊಕ್ಕ ಕನ್ನಡದಲ್ಲಿ.

"ಪಾಪ" ಎಂದರು ಬಾಯಿ, ಮನಸಾರೆ. ಇಬ್ಬರೂ ಕೈ ಹಿಡಿದುಕೊಂಡು ನಕ್ಕರು.

ತಾಂಡೇಲರನ್ನು ನಾನು ನಮ್ಮೂರ ಪಕ್ಕದ ಮೌಳಂಗಿಗೆ ಕರೆದೊಯ್ದೆ. ಕಾಳಿ ಹೊಳೆ ಅಲ್ಲಿ ಬಂಡೆಗಳ ನಡುವೆ ನೊರೆ ಕಾರುತ್ತ ಹರಿಯುತ್ತದೆ. ಮಳೆಗಾಲದ ನೀರು, ಸದ್ದೂ ಹೆಚ್ಚು. ಬದುಕೆಲ್ಲ ಕಡಲಲ್ಲಿ ಕಳೆದ ಮನುಷ್ಯ ದಡದಲ್ಲೇ ನಿಂತರು.

"ಇಳೀರಿ, ಕಾಲ ತೋಯಿಸ್ಕೊಳ್ರಿ" ಎಂದೆ.

"ಬ್ಯಾಡ. ಈ ನೀರಿನ ಗುಣ ನಂಗೊತ್ತಿಲ್ಲ."

ನೀರು ಹರಿದು ಹೋಗುವ ಕಡೆ ನೋಡಿ ಹೇಳಿದರು: "ಇದೇ ಹೊಳೆ ಅಲ್ವ ಕಾರವಾರದಲ್ಲಿ ಕಡಲಿಗೆ ಸೇರೂದು? ಅಲ್ಲಿ ಎಷ್ಟು ಅಗಲ, ಎಷ್ಟು ನಿಧಾನ. ಸಣ್ಣದಿದ್ದಾಗ ಇಷ್ಟು ಗಲಾಟೆ ಮಾಡ್ತದೆ ಅಂತ ಗೊತ್ತಿರ್ಲಿಲ್ಲ."

ನಾನು ಹುಟ್ಟಿದಾಗಿನಿಂದ ನೋಡಿದ ಹೊಳೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೆ. ಅದು ಹೋಗಿ ಸೇರುವ ಕಡೆಯಿಂದ ಒಬ್ಬರು ಬಂದು ನನ್ನ ಪಕ್ಕ ನಿಂತಿದ್ದಾರೆಂಬುದು ನನಗೆ ಅಂದು ಬಹಳ ದೊಡ್ಡ ಮಾತೆನಿಸಿತು. ಅಲ್ಲಿನ ಪಾರ್ಕಿನ ಮುಂದಿನ ಗಾಡಿಯಲ್ಲಿ ಮಿರ್ಚಿ ಭಜಿ ಕೊಡಿಸಿದೆ. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು, ಮತ್ತೊಂದು ಕೇಳಿದರು.

ಕಡಲ ಬದುಕು ಸುಲಭದ್ದಲ್ಲ, ಅದನ್ನು ಮುಚ್ಚಿಡಬಾರದು. ಬರಿಗೈಯಲ್ಲಿ ಬೋಟು ಬರುವ ದಿನಗಳು ಹೆಚ್ಚಾಗಿವೆ. ಗಾಳಿ ಎದ್ದ ದಿನ ಹೆಂಗಸರು ಬಾಗಿಲಲ್ಲಿ ನಿಲ್ಲುವ ರೀತಿ ನೋಡಿದರೆ ನಮ್ಮ ಕಷ್ಟ ಸಣ್ಣದೆನಿಸುತ್ತದೆ. ತಾಂಡೇಲರ ಕಣ್ಣಿಗೆ ಪೊರೆ ಬಂದು ಈಗ ಅವರು ಕಡಲಿಗೆ ಹೋಗುವುದಿಲ್ಲ, ಧಕ್ಕೆಯಲ್ಲಿ ಕೂತು ಬಲೆ ಹೆಣೆಯುತ್ತಾರೆ. ಬಾಯಿ ಕೋಲು ಹಿಡಿದು ನಡೆಯುತ್ತಾರೆ. ಆದರೂ ನಾನು ಹೋದಾಗೆಲ್ಲ ಆ ಜನ ಮೊದಲು ಕೇಳುವುದು ಊಟವಾಯಿತೇ ಎಂದು. ಇಂಜಿನ್ನಿನ ಮಾತು ಆಮೇಲೆ. ಮೀನು ತಿನ್ನಲು, ಫೋಟೋ ತೆಗೆಯಲು ನಮ್ಮ ಕಡೆಯಿಂದ ಕಾರಿನಲ್ಲಿ ಹೋಗುವವರು ಈಗ ಬಹಳ. ಹೋಗಲಿ, ಒಳ್ಳೆಯದೇ. ನನಗೆ ಸಿಕ್ಕಿದ್ದು ಅದಕ್ಕಿಂತ ಹೆಚ್ಚು: ತಪ್ಪು ಮಾಡಿದ ಮೇಲೂ ನಿಲ್ಲಿಸಿಕೊಂಡ ಒಂದು ಊರು.

ಹೋದ ವರ್ಷ ಹುಣ್ಣಿಮೆ ಕಳೆದು ನಾವು ಹೊರಡುವ ದಿನ ಬಂತು. ನಾನು ಚೀಲ ಕಟ್ಟಿ ನಿಂತರೆ ಹೆಂಡತಿ ಇನ್ನೂ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಪಕ್ಕದ ಮನೆಯ ಹುಡುಗಿಗೆ ಹೆರಿಗೆಯ ದಿನ ಹತ್ತಿರವಾಗಿತ್ತು.

"ಏಳ, ಬಸ್ ಹೋಗತೈತಿ" ಎಂದೆ.

"ನೀವು ಹೋಗ್ರಿ" ಎಂದಳು, ದಾರ ಕಡಿಯುತ್ತ. "ಆ ಹುಡುಗಿ ಬಾಣಂತನ ಮುಗಿಸಿ ಬರ್ತೇನಿ. ಅಕಿಗೆ ತಾಯಿ ಇಲ್ಲ. ನಾ ಮಾತ ಕೊಟ್ಟೇನಿ."

"ಒಬ್ಬಾಕಿನ ಇರ್ತೀಯೇನ?"

"ಒಬ್ಬಾಕಿ ಎಲ್ಲೆ ಅದೇನ್ರಿ? ಇಷ್ಟ ಮಂದಿ ಅದಾರಲ್ಲ."

ನಾನು ಒಬ್ಬನೇ ಬಸ್ಸು ಹತ್ತಿದೆ. ಮನೆಗೆ ಬಂದು ಬೀಗ ತೆಗೆದು, ಒಬ್ಬನೇ ಅನ್ನ ಬೇಯಿಸಿ ಉಂಡೆ. ದಿನಾ ಸಂಜೆ ಅವಳ ಫೋನು. ಗಂಡು ಮಗುವಾಯಿತೆಂದು, ಈ ಸಲ ಬಂಗಡೆ ಮೀನು ರಾಶಿ ಬಿದ್ದಿದೆಯೆಂದು, ಬಾಯಿಯ ಕೋಲು ಮುರಿದು ತಾಂಡೇಲರು ಹೊಸದು ಮಾಡಿಕೊಟ್ಟರೆಂದು. ಮಾತು ಮುಗಿಯುವುದೇ ಇಲ್ಲ. ನನ್ನ ಊಟದ ವಿಚಾರ ಕೊನೆಗೆ ನೆನಪಾದರೆ ಆಯಿತು.

ಒಂದೂವರೆ ತಿಂಗಳ ಮೇಲೆ ಬಂದಳು. ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಮುಂಚಿತವಾಗಿಯೇ ಹೋಗಿ ನಿಂತಿದ್ದೆ. ಬಿಸಿಲಿಗೆ ಕಪ್ಪಾಗಿದ್ದಳು, ಗೆಲುವಾಗಿದ್ದಳು. ಒಣಮೀನಿನ ಚೀಲ ನನ್ನ ಕೈಗೆ ಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸೊರಗೀರಲ್ರಿ. ಚಹಾ ಕುಡದ ಹೋಗೂಣು, ಬರ್ರಿ" ಎಂದು ಮುಂದೆ ನಡೆದಳು.